ಆಟಿಯ ಬೊಳ್ಳ, ಇಪ್ಪತ್ತೇಳನೆಯ ಅಧ್ಯಾಯ

ಕೆಂಡದಲ್ಲಿ ಹಲಸಿನ ಬೀಜ ಹಾಕಿದ್ದೇನೆ, ಸಿಡಿದರೆ ಹಿಂದೆ ಸರಿಯಿರಿ. ಕೊತ್ತಳಿಗೆ ಸ್ವಲ್ಪ ಹಸಿ, ಹೊಗೆ ಬರುತ್ತದೆ. ಆಟಿ ತಿಂಗಳ ಮಳೆಯಲ್ಲಿ ಒಣಗಿದ್ದು ಎಲ್ಲಿಂದ ತರಲಿ? ಬೊಳ್ಳದ, ಅಂದರೆ ನೆರೆಯ, ಕಥೆ ಹೇಳು ಎಂದು ನಿನ್ನೆಯಿಂದ ಪೀಡಿಸುತ್ತಿದ್ದೀರಿ. ಹೇಳುತ್ತೇನೆ. ಆದರೆ ನಡುವೆ ಬೈಬಲಿನ ಪೌಲನ ಹಡಗು ಬರುತ್ತದೆ. ಅದನ್ನು ಬಿಟ್ಟು ಬರೀ ನೀರಿನ ಕಥೆ ಹೇಳು ಎಂದರೆ ನನ್ನಿಂದಾಗದು.

1974ರ ಜುಲೈ ಕೊನೆ. ನಾನಾಗ ಐದನೇ ಕ್ಲಾಸು. ನಮ್ಮ ಮನೆ ಇದ್ದದ್ದು ಬಂಟ್ವಾಳದಿಂದ ಕೆಳಗೆ, ನೇತ್ರಾವತಿ ತಿರುಗುವಲ್ಲಿ, ಗದ್ದೆಯ ಅಂಚಿಗೆ. ಮಣ್ಣಿನ ಗೋಡೆ, ಮೇಲೆ ಮಂಗಳೂರು ಹಂಚು. ಆ ಹಂಚು ಅಜ್ಜನಿಗೆ ದೊಡ್ಡ ಹೆಮ್ಮೆ, ಯಾಕೆಂದರೆ ಅವರ ಅಪ್ಪ ಜೆಪ್ಪಿನ ಕಾರ್ಖಾನೆಯಲ್ಲಿ ಆವೆಮಣ್ಣು ಹದ ಮಾಡಿದವರು. ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಹೊಸದಾಗಿ ಕ್ರೈಸ್ತರಾದವರಿಗೆ ಜಾತಿಯ ಜೊತೆ ಕಸುಬೂ ಕೈಬಿಡುತ್ತಿತ್ತಲ್ಲ, ಅವರ ಅನ್ನಕ್ಕೆ ದಾರಿಯಾಗಲಿ ಎಂದು ನೇಯ್ಗೆ ಹಾಕಿದರು, ಪ್ರೆಸ್ ಹಾಕಿದರು, 1865ರಲ್ಲಿ ನದಿದಂಡೆಯ ಮಣ್ಣಿನಿಂದ ಹಂಚು ಸುಡಲು ಹೊರಟರು. ಮೊದಲನೇ ಮಹಾಯುದ್ಧ ಬಂದು ಕಾರ್ಖಾನೆ ಮಿಶನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾಯಿತು. ಮುತ್ತಜ್ಜ ಅದನ್ನು ಬಿಟ್ಟು ಬಂದು ಇಲ್ಲಿ ಧಣಿಗಳಿಂದ ಗೇಣಿಗೆ ಗದ್ದೆ ಹಿಡಿದರು. ನದಿಯನ್ನು ಮಾತ್ರ ಬಿಡಲಿಲ್ಲ ನೋಡಿ. ಅಲ್ಲೂ ಅದೇ ನೇತ್ರಾವತಿ, ಇಲ್ಲೂ ಅದೇ.

1923ರ ಆಗಸ್ಟಿನಲ್ಲಿ ಬಂದ ನೆರೆಗೆ ಈಗಲೂ ನಮ್ಮಲ್ಲಿ ಮಾರಿಬೊಳ್ಳ ಎಂದೇ ಹೆಸರು. ಅಜ್ಜ ಆಗ ಚಿಕ್ಕ ಹುಡುಗ. ಮುಳಿಹುಲ್ಲಿನ ಮನೆ ಮಾಡಿನ ಸಮೇತ ಹೋದದ್ದನ್ನು ತೆಂಗಿನ ಮರದ ಮೇಲೆ ಕೂತು ನೋಡಿದ್ದರಂತೆ. ಆಮೇಲೆ ಕಟ್ಟಿದ್ದೇ ಈ ಹಂಚಿನ ಮನೆ. ಕಲ್ಲಿನ ಪಂಚಾಂಗ, ಒಂದೂವರೆ ಮೊಳ ದಪ್ಪದ ಗೋಡೆ. ದೊಡ್ಡಪ್ಪನಿಗೆ ಅದರ ಮೇಲೆ ಅಷ್ಟು ಭರವಸೆ ಇದ್ದದ್ದು ಸುಮ್ಮನೆ ಅಲ್ಲ.

ಮನೆಯಲ್ಲಿ ಇದ್ದದ್ದು ಅಜ್ಜ, ಅಜ್ಜಿ, ದೊಡ್ಡಪ್ಪ, ದೊಡ್ಡಮ್ಮ, ಅಮ್ಮ, ನಾನು, ತಮ್ಮ. ಅಪ್ಪ ಬೊಂಬಾಯಿಯಲ್ಲಿ. ಮಳೆ ನಿಲ್ಲದೆ ಹೊಯ್ಯುತ್ತಿತ್ತು. ಘಟ್ಟದಲ್ಲಿ ಜೋರಾದರೆ ಅತ್ತ ಕುಮಾರಧಾರೆ, ಇತ್ತ ನೇತ್ರಾವತಿ ಎರಡೂ ಏರಿ ಉಪ್ಪಿನಂಗಡಿಯಲ್ಲಿ ಕೂಡುತ್ತವೆ. ಕೂಡಿದ್ದು ಇಳಿದು ಬರುವುದು ನಮ್ಮ ಕಡೆಗೇ. ನೀರಿನ ಬಣ್ಣ ಕೆಂಪಾಗಿತ್ತು. ಬಾಳೆಬುಡ, ಅಡಿಕೆ ಮರ, ಒಮ್ಮೆ ಒಂದು ಇಡೀ ಹಟ್ಟಿಯ ಮಾಡು ಎದುರಿಗೇ ತೇಲಿ ಹೋಯಿತು.

ಅಜ್ಜ ಒಂದು ಅಡಿಕೆ ಸಲಾಕೆಗೆ ಕತ್ತಿಯಿಂದ ಗೆಣ್ಣಿಗೊಂದು ಗಾಯ ಹಾಕಿ ಅಂಗಳದ ತುದಿಯಲ್ಲಿ ಊರಿದರು. ಎಷ್ಟು ಗಾಯ ಮುಳುಗಿತು ಎಂದು ನೋಡಿ ಬಂದು ಹೇಳುವುದು ನನ್ನ ಕೆಲಸ. ಮಧ್ಯಾಹ್ನ ಎರಡು ಮುಳುಗಿದ್ದದ್ದು ಸಂಜೆಗೆ ಐದಾಯಿತು. ಮನೆಗೂ ಗುಡ್ಡೆಗೂ ನಡುವಿನ ತೋಡು ಅಷ್ಟರಲ್ಲೇ ಏರಿ ಗದ್ದೆಗೆ ನುಗ್ಗಿತ್ತು, ನಡೆದು ದಾಟುವ ಹಾಗಿರಲಿಲ್ಲ. ಆಗ ಅಜ್ಜ ಯಾರಿಗೂ ಹೇಳದೆ ಗದ್ದೆಯ ಹುಣಿ ಹಿಡಿದು, ಎದೆಮಟ್ಟದ ನೀರಿನಲ್ಲಿ ಕಡವಿನ ತನಕ ಹೋಗಿ ದೋಣಿಯ ಬ್ಯಾರಿಯನ್ನು ಕಂಡು ಬಂದರು. ಅವರು ತಗ್ಗಿನ ಮನೆಯವರನ್ನು ದಾಟಿಸುತ್ತಿದ್ದರು. ಕತ್ತಲಾದ ಮೇಲೆ ಈ ಸೆಳೆತಕ್ಕೆ ದೋಣಿ ಹಾಕಲಾರೆ, ಬೆಳಕು ಹರಿದ ಕೂಡಲೇ ಮೊದಲು ನಿಮ್ಮ ಅಂಗಳಕ್ಕೆ ಎಂದರಂತೆ.

ಅಜ್ಜ ಒದ್ದೆ ಮುಂಡು ಬದಲಿಸಿ ಬಂದು ಸಂಜೆಯ ಪ್ರಾರ್ಥನೆಗೆ ಕೂತರು. ನಮ್ಮ ಮನೆಯಲ್ಲಿ ಸತ್ಯವೇದವನ್ನು ಆದಿಕಾಂಡದಿಂದ ಹಿಡಿದು ದಿನಕ್ಕೊಂದು ಅಧ್ಯಾಯ ಓದುವ ಕ್ರಮ. ಆ ದಿನದ ಪಾಲಿಗೆ ಬಂದದ್ದು ಅರಣ್ಯಕಾಂಡ. ಇಸ್ರಾಯೇಲರ ಯಾವ ಕುಲದಲ್ಲಿ ಎಷ್ಟು ಗಂಡಸರು ಎಂಬ ಜನಗಣತಿ! ಜಗಲಿಯ ಕೆಳಗಿನ ಮೆಟ್ಟಿಲಿಗೆ ನೀರು ಬಡಿಯುತ್ತಿರುವಾಗ ರೂಬೇನ್ ಕುಲದ ಲೆಕ್ಕ ಯಾರಿಗೆ ಬೇಕು? ದೊಡ್ಡಪ್ಪ, "ಅಪ್ಪ, ಇವತ್ತು ತೊಂಬತ್ತೊಂದನೇ ಕೀರ್ತನೆ ಓದುವ" ಎಂದರು. ಕಾಲು ಕಲ್ಲಿಗೆ ತಾಗದ ಹಾಗೆ ದೂತರಿಗೆ ಅಪ್ಪಣೆ ಕೊಡುವ ದೇವರ ಕೀರ್ತನೆ ಅದು. ದೊಡ್ಡಪ್ಪನಿಗೆ ಬಾಯಿಪಾಠ, ಜ್ವರ ಬಂದ ಮಗುವಿನ ತಲೆಯ ಮೇಲೆ ಕೈಯಿಟ್ಟು ಅದನ್ನೇ ಹೇಳುತ್ತಿದ್ದರು. ಹೇಳಿದರು. ನಾವೆಲ್ಲ ಆಮೆನ್ ಎಂದೆವು.

ಆಮೇಲೆ ಅಜ್ಜ, "ಬೆಳಗ್ಗೆ ದೋಣಿ ಬರುತ್ತದೆ. ಇವತ್ತು ರಾತ್ರಿ ಅಟ್ಟದಲ್ಲಿ ಮಲಗುವುದು" ಎಂದರು.

ದೊಡ್ಡಪ್ಪನ ಮುಖ ಕೆಂಪಾಯಿತು. "ದೋಣಿಗೆ ಮೊದಲೇ ಹೇಳಿ ಬಂದು, ಆಮೇಲೆ ದೇವರ ಹತ್ತಿರ ಕೇಳುವುದಾ ಅಪ್ಪ? ಹಾಗಾದರೆ ನಾವು ನಂಬಿದ್ದು ಯಾರನ್ನು? ಮಾರಿಬೊಳ್ಳದಲ್ಲಿ ಹೋದದ್ದು ಮುಳಿಹುಲ್ಲಿನ ಮನೆ. ಇದು ಆತನೇ ಕೊಟ್ಟ ಮನೆ, ಆತ ಕಾಯುತ್ತಾನೆ. ನಾನು ಬರುವುದಿಲ್ಲ."

ಅಜ್ಜ ಸ್ವಲ್ಪ ಹೊತ್ತು ಲಾಟೀನಿನ ಬತ್ತಿ ಸರಿಮಾಡಿದರು. ಆಮೇಲೆ ಕೇಳಿದರು, "ಮಗಾ, ನೀನು ಈಗ ಓದಿದ ಮಾತನ್ನು ದೇವಾಲಯದ ತುದಿಯಲ್ಲಿ ನಿಂತು ಸ್ವಾಮಿಗೆ ಹೇಳಿದ್ದು ಯಾರು?"

ನನಗೆ ಗೊತ್ತಿತ್ತು, ಸಂಡೇ ಸ್ಕೂಲಿನಲ್ಲಿ ಕಲಿತಿದ್ದೆ. ಸೈತಾನ ಎಂದು ಬಾಯಿಗೆ ಬಂದದ್ದನ್ನು ಅಮ್ಮನ ಕಣ್ಣು ನೋಡಿ ನುಂಗಿದೆ. ಮೇಲಿಂದ ಹಾರು, ದೂತರು ಹಿಡಿಯುತ್ತಾರೆ, ಬರೆದಿದೆಯಲ್ಲ ಎಂದು ಅವನು ಎತ್ತಿ ತೋರಿಸಿದ್ದು ಇದೇ ಕೀರ್ತನೆಯನ್ನು. ದೇವರನ್ನು ಪರೀಕ್ಷೆಗೆ ಒಡ್ಡಬಾರದು ಎಂಬುದೂ ಬರೆದಿದೆ ಎಂದು ಯೇಸು ಹೇಳಿ ಅಲ್ಲಿಂದ ಕದಲಲಿಲ್ಲ. ಈಗ ಯೋಚಿಸಿದರೆ ಅಜ್ಜನ ಮಾತು ಸ್ವಲ್ಪ ಹೆಚ್ಚೇ ಆಯಿತು ಅನಿಸುತ್ತದೆ. ಬೆಳೆದ ಮಗನನ್ನು ಹೆಂಡತಿಯ ಎದುರಿಗೆ ಸೈತಾನನ ಸಾಲಿಗೆ ಹಾಕಿದ ಹಾಗೆ. ದೊಡ್ಡಪ್ಪ ಎದ್ದು ಹೋಗಿ ಬಾಗಿಲ ಹತ್ತಿರ ಕೂತರು.

ಅಜ್ಜ ಅವರನ್ನು ಕರೆಯಲಿಲ್ಲ. ಪುಟ ಮಗುಚಿ ಅಪೊಸ್ತಲರ ಕೃತ್ಯಗಳ ಇಪ್ಪತ್ತೇಳನೆಯ ಅಧ್ಯಾಯ ತೆಗೆದರು. ಓದಿದ್ದಕ್ಕಿಂತ ಹೇಳಿದ್ದೇ ಹೆಚ್ಚು. ನಾನೂ ಹಾಗೇ ಹೇಳುತ್ತೇನೆ.

ಪೌಲ ಕೈದಿ. ಅವನನ್ನು ರೋಮಿಗೆ ಒಯ್ಯುತ್ತಿದ್ದ ಶತಾಧಿಪತಿಯ ಹೆಸರು ಯೂಲ್ಯ. ಕ್ರೇತ ದ್ವೀಪದ ಹತ್ತಿರ ಬರುವಾಗ ಕಾಲ ಮೀರಿತ್ತು, ಚಳಿಗಾಲದ ಸಮುದ್ರ. ಈಗ ಹೊರಡಬೇಡಿ, ಹಡಗೂ ಸರಕೂ ಜೀವವೂ ಹೋದೀತು ಎಂದ ಪೌಲ. ಅಲ್ಲಿ ಅವನಿಗೆ ದರ್ಶನವೇನೂ ಆಗಿರಲಿಲ್ಲ, ಗಮನಿಸಿ ಎಂದರು ಅಜ್ಜ. ಅದಕ್ಕೆ ಮೊದಲೇ ಮೂರು ಸಲ ಹಡಗು ಒಡೆದು, ಒಂದು ಹಗಲು ಒಂದು ರಾತ್ರಿ ಸಮುದ್ರದಲ್ಲೇ ಕಳೆದವನು. ಅದನ್ನು ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ ಅವನೇ ಹೇಳಿಕೊಂಡಿದ್ದಾನೆ. ನೀರು ಕುಡಿದವನ ಮಾತು. ಆದರೆ ಯೂಲ್ಯ ಕೇಳಿದ್ದು ಹಡಗಿನ ಯಜಮಾನನ ಮಾತನ್ನು. ತೆಂಕಣ ಗಾಳಿ ಹಿತವಾಗಿ ಬೀಸಿತು, ಲಂಗರು ಎತ್ತಿದರು. ಸ್ವಲ್ಪ ಹೊತ್ತಿನಲ್ಲೇ ಈಶಾನ್ಯದಿಂದ ಬಿರುಗಾಳಿ ಬಿತ್ತು.

ಹಡಗಿಗೆ ಸುತ್ತಲೂ ಹಗ್ಗ ಬಿಗಿದರು. ಮರುದಿನ ಸರಕು ಎಸೆದರು. ಮೂರನೇ ದಿನ ಹಡಗಿನ ಸಾಮಾನನ್ನೇ ತಮ್ಮ ಕೈಯಾರೆ ಎಸೆದರು. ಎಷ್ಟೋ ದಿನ ಸೂರ್ಯನಿಲ್ಲ, ನಕ್ಷತ್ರವಿಲ್ಲ. ಬದುಕುತ್ತೇವೆ ಎಂಬ ಆಸೆ ಎಲ್ಲರಿಗೂ ಬಿಟ್ಟುಹೋಯಿತು. ಆಗ ಪೌಲ ಎದ್ದು ನಿಂತು, ದೇವದೂತ ರಾತ್ರಿ ನನ್ನ ಹತ್ತಿರ ಬಂದಿದ್ದ, ನಿಮ್ಮಲ್ಲಿ ಒಬ್ಬನ ಜೀವವೂ ಹೋಗುವುದಿಲ್ಲ, ಹಡಗು ಮಾತ್ರ ಹೋಗುತ್ತದೆ ಎಂದ.

ಅಲ್ಲಿ ಅಜ್ಜ ನಿಲ್ಲಿಸಿದರು. ಬೆರಳನ್ನು ಆ ಸಾಲಿನ ಮೇಲೆ ಇಟ್ಟು ಅಜ್ಜಿಯ ಕಡೆ ನೋಡಿದರು. "ಕೇಳಿತಾ? ಹಡಗು ಹೋಗುತ್ತದೆ."

ಅಜ್ಜಿ ಗೋಡೆಯನ್ನು ಕೈಯಿಂದ ಮುಟ್ಟಿ ನೋಡಿದರು. ಏನೂ ಹೇಳಲಿಲ್ಲ.

ನನ್ನ ವಯಸ್ಸಿನ ಎಷ್ಟೋ ಜನ ಈ ಭಾಗವನ್ನು ಅವಸರದಲ್ಲಿ ಓದಿ ಮುಗಿಸುತ್ತಾರೆ. ಎಲ್ಲರೂ ಬದುಕಿದರು, ದೇವರಿಗೆ ಸ್ತೋತ್ರ ಎಂದು ಮುಂದೆ ಹೋಗುತ್ತಾರೆ. ನಷ್ಟವನ್ನು ಮೊದಲೇ ಹೇಳಿ ಕೊಟ್ಟ ವಾಗ್ದಾನ ಇದು ಎನ್ನುವುದನ್ನು ಅಜ್ಜ ಅವತ್ತು ಬೆರಳಿಟ್ಟು ತೋರಿಸಿದರು. ನನ್ನದೆಲ್ಲ ನನಗೇ ಉಳಿಸಿ ಕೊಡು ಎಂದು ದೇವರ ಜೊತೆ ಕರಾರು ಮಾಡಿಕೊಳ್ಳುವುದು ಬೇರೆ, ಹೋಗುವುದು ಹೋದರೂ ಆತನ ಕೈ ಬಿಡದೆ ಇರುವುದು ಬೇರೆ. ಈ ಎರಡನ್ನೂ ನಾವು ಒಂದೇ ಹೆಸರಿನಿಂದ ಕರೆಯುತ್ತೇವೆ, ಅಷ್ಟೆ.

ಹದಿನಾಲ್ಕನೇ ರಾತ್ರಿ, ನಡುರಾತ್ರಿಯಲ್ಲಿ, ನೆಲ ಹತ್ತಿರ ಬಂತು ಎಂದು ನಾವಿಕರಿಗೆ ತಿಳಿಯಿತು. ಗುಂಡು ಇಳಿಸಿ ನೋಡಿದರು, ಇಪ್ಪತ್ತು ಮಾರು. ಸ್ವಲ್ಪ ಮುಂದೆ ಹೋಗಿ ನೋಡಿದರು, ಹದಿನೈದು. ಅಲ್ಲಿಗೆ ಬರುವಾಗ ಅಜ್ಜ ನನ್ನನ್ನು ಎಬ್ಬಿಸಿ ಸಲಾಕೆ ನೋಡಿ ಬಾ ಎಂದರು. ಲಾಟೀನು ಹಿಡಿದು ಜಗಲಿಗೆ ಹೋದೆ. ಸಲಾಕೆಯೇ ಕಾಣಲಿಲ್ಲ. ನೀರು ಕೊನೆಯ ಮೆಟ್ಟಿಲ ಮೇಲೆ ಅಡಿಕೆ ಸಿಪ್ಪೆಯನ್ನು ತಂದು ಇಡುತ್ತಿತ್ತು, ಹಿಂದೆ ಎಳೆದುಕೊಳ್ಳುತ್ತಿತ್ತು. ಒಳಗೆ ಬಂದು ಹೇಳಿದೆ. ಅಜ್ಜ ಪುಸ್ತಕ ಮುಚ್ಚಿ, ಉಳಿದದ್ದು ಅಟ್ಟದಲ್ಲಿ ಎಂದರು.

ಅಟ್ಟಕ್ಕೆ ಏರಿಸಿದ್ದು ಏನೇನು? ಮೂರು ಮುಡಿ ಅಕ್ಕಿ, ಗಂಜಿಯ ಪಾತ್ರೆ, ಚಾಪೆ. ಈಗಿನ ಮಕ್ಕಳಿಗೆ ಮುಡಿ ಗೊತ್ತಿಲ್ಲ. ಬೈಹುಲ್ಲನ್ನು ಹೊಸೆದು ಬಳ್ಳಿ ಮಾಡಿ, ಅಕ್ಕಿಯನ್ನು ಗುಂಡಗೆ ಕಟ್ಟಿ ಬಡಿದು ಬಿಗಿ ಮಾಡುವುದು. ಒಂದು ಮುಡಿಗೆ 42 ಸೇರು. ಗೇಣಿ ಕೊಡುತ್ತಿದ್ದದ್ದೂ ಅದರ ಲೆಕ್ಕದಲ್ಲೇ. ಆ ವರ್ಷ ಮಾರ್ಚ್ 1ರಿಂದ ಗೇಣಿ ಪದ್ಧತಿಯೇ ರದ್ದಾಗಿತ್ತು, ಉಳುವವನಿಗೆ ಭೂಮಿ ಎಂಬ ಕಾನೂನು. ಆದರೆ ಉಳುತ್ತಿದ್ದವರು ನಾವೇ ಎಂದು ತೋರಿಸಲು ಕಾಗದ ಬೇಕಲ್ಲ. ಅಜ್ಜ ಹಳೆಯ ಗೇಣಿ ರಶೀದಿಗಳನ್ನೆಲ್ಲ ಸತ್ಯವೇದದ ಪುಟಗಳ ನಡುವೆ ಇಟ್ಟಿದ್ದರು. ಆ ರಾತ್ರಿ ಪುಸ್ತಕವನ್ನು ಗೊಬ್ಬರದ ಗೋಣಿಯ ಒಳಗಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡರು. ದೇವರ ವಾಕ್ಯವನ್ನು ಉಳಿಸಲೋ ರಶೀದಿಯನ್ನು ಉಳಿಸಲೋ ಎಂದು ಕೇಳಬೇಡಿ. ಅಜ್ಜಿ ಕೇಳಿ ಬೈಸಿಕೊಂಡಿದ್ದಾರೆ.

ದೊಡ್ಡಪ್ಪ ಕೊನೆಗೆ ಅಟ್ಟಕ್ಕೆ ಬಂದರು. ಬರುವ ಮೊದಲು ಒಂದು ಕೆಲಸ ಮಾಡಿದರು: ಹಟ್ಟಿಗೆ ಸೊಂಟಮಟ್ಟದ ನೀರಿನಲ್ಲಿ ಹೋಗಿ ದನಗಳ ಹಗ್ಗ ಕೊಯ್ದು ಬಿಟ್ಟರು. ಮೇಲೆ ಬಂದು ಕತ್ತಿಯನ್ನು ತೊಲೆಗೆ ಸಿಕ್ಕಿಸಿ, "ಮುಂದೆ ಓದಿ" ಎಂದರು.

ಮುಂದೆ ಇದ್ದದ್ದು ಹಗ್ಗ ಕೊಯ್ಯುವ ಸಂಗತಿಯೇ. ನಾವಿಕರು ಲಂಗರು ಹಾಕುವ ನೆವದಲ್ಲಿ ಚಿಕ್ಕ ದೋಣಿ ಇಳಿಸಿ ತಪ್ಪಿಸಿಕೊಳ್ಳಲು ನೋಡಿದರು. ಪೌಲ ಶತಾಧಿಪತಿಗೆ, ಇವರು ಹಡಗಿನಲ್ಲಿ ಇಲ್ಲದಿದ್ದರೆ ನೀವು ಬದುಕುವುದಿಲ್ಲ ಎಂದ. ಸಿಪಾಯಿಗಳು ದೋಣಿಯ ಹಗ್ಗ ಕತ್ತರಿಸಿದರು. ಅಮ್ಮ ಆಗ ಕೇಳಿದ ಪ್ರಶ್ನೆ ನನಗೆ ಚೆನ್ನಾಗಿ ನೆನಪಿದೆ. "ಮಾವ, ಒಬ್ಬರೂ ಸಾಯುವುದಿಲ್ಲ ಎಂದು ದೇವದೂತ ಹೇಳಿ ಆಗಿದೆಯಲ್ಲ? ಮತ್ತೆ ನಾವಿಕರು ಇದ್ದರೇನು, ಹೋದರೇನು?"

"ಅದೇ" ಎಂದರು ಅಜ್ಜ. "ಮಾತು ಕೊಟ್ಟದ್ದು ದೇವರು. ಹುಟ್ಟು ಹಾಕಲು ಬರುವುದು ನಾವಿಕರಿಗೆ. ಪೌಲನಿಗೆ ಎರಡೂ ಬೇಕಾಯಿತು." ದೊಡ್ಡಪ್ಪನ ಕಡೆ ನೋಡದೆ ಹೇಳಿದರು, ಅಷ್ಟು ಮರ್ಯಾದೆ ಇಟ್ಟರು.

ಬೆಳಗಿನ ಜಾವ ಅಟ್ಟದ ಮೂಲೆಯಲ್ಲಿ ಒಂದು ಹಾವು ಕಂಡು ತಮ್ಮ ಕಿರುಚಿದ. ಅದೂ ನೀರಿಗೆ ಹೆದರಿ ಏರಿತ್ತು. ಹೊಡೆಯಲು ಎದ್ದ ದೊಡ್ಡಪ್ಪನನ್ನು ಅಜ್ಜ ತಡೆದರು, ಅದರ ಪಾಡಿಗೆ ಅದು ತೊಲೆಯ ಮೇಲೆ ಸುತ್ತಿಕೊಂಡಿತು. ಅಜ್ಜಿ ತಣ್ಣಗಿನ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ ಬಡಿಸಿದರು. ಬೇಡ ಎಂದವರಿಗೂ ಬಡಿಸಿದರು. ಪೌಲ ಅದೇ ಹೊತ್ತಿನಲ್ಲಿ ರೊಟ್ಟಿ ಹಿಡಿದು, ಎಲ್ಲರ ಎದುರಿಗೆ ಸ್ತೋತ್ರ ಮಾಡಿ, ಮುರಿದು ತಿಂದಿದ್ದ. ಅವನನ್ನು ನೋಡಿ 276 ಜನ ಉಂಡರು. ಹೊಟ್ಟೆ ತುಂಬಿದ ಮೇಲೆ ಉಳಿದ ಗೋಧಿಯನ್ನು ಸಮುದ್ರಕ್ಕೆ ಸುರಿದರು.

ಬೆಳಕಾಗುತ್ತಲೇ "ಬೇಗ ಬಲೆ, ಬೇಗ ಬಲೆ", ಬೇಗ ಬನ್ನಿ ಎಂಬ ಕೂಗು ಕೇಳಿತು. ಬ್ಯಾರಿಯವರು ದೋಣಿಯನ್ನು ನೇರ ಜಗಲಿಗೆ ತಂದು ಕಂಬಕ್ಕೆ ಕಟ್ಟಿದ್ದರು. ತಲೆಗೆ ಮುಂಡಾಸು, ಕಿವಿಯ ಮೇಲೆ ನೆನೆದ ಬೀಡಿ, ಕೈಯಲ್ಲಿ ಉದ್ದದ ಗಳ. ನಾವು ಹತ್ತಿದೆವು. ಮೂರು ಮುಡಿಯೂ ಹತ್ತಿತು. ದೋಣಿಯ ಅಂಚಿಗೂ ನೀರಿಗೂ ನಾಲ್ಕು ಬೆರಳು ಉಳಿಯಲಿಲ್ಲ. ಅವರು ಗಳ ಊರಿದವರು ಹಾಗೇ ನಿಂತು, "ಅಕ್ಕಿ ಬರುವುದಾದರೆ ಇಬ್ಬರು ಇಳಿಯಬೇಕು" ಎಂದರು.

ಯಾರೂ ಮಾತಾಡಲಿಲ್ಲ. ಆ ಅಕ್ಕಿ ಆಟಿ ಕಳೆಯುವ ತನಕದ ಊಟ. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊದಲ ಮುಡಿಗೆ ತಾವೇ ಕೈಹಾಕಿದರು. ಅಲುಗಾಡಲಿಲ್ಲ. ದೊಡ್ಡಪ್ಪ ಬಂದು ಹೆಗಲು ಕೊಟ್ಟರು. ಮುಡಿ ನೀರಿಗೆ ಬಿದ್ದು ಒಂದು ಸುತ್ತು ತಿರುಗಿ, ಬೈಹುಲ್ಲಿನ ಗಂಟು ಮೇಲಾಗಿ ಸ್ವಲ್ಪ ದೂರ ಹೋಗಿ ಮುಳುಗಿತು. ಎರಡನೆಯದು. ಮೂರನೆಯದಕ್ಕೆ ಬ್ಯಾರಿಯವರೇ, "ಅಮ್ಮಾ, ಸಾಕು, ಅದಿರಲಿ" ಎಂದರು. ಅಜ್ಜಿ ಅಲ್ಲಿ ತನಕ ಅಳದವರು ಆಗ ಅತ್ತರು.

ಗುಡ್ಡೆಯ ಶಾಲೆಗೆ ಮುಟ್ಟುವಾಗ ನಮಗೆಲ್ಲ ಹಲ್ಲು ಕಟಕಟ ಎನ್ನುತ್ತಿತ್ತು. ಮೇಲಿನ ಮನೆಯವರು ತೆಂಗಿನ ಸಿಪ್ಪೆ ರಾಶಿ ಹಾಕಿ ಜಗಲಿಯಲ್ಲಿ ಬೆಂಕಿ ಎಬ್ಬಿಸಿದ್ದರು. ನಾವು ಯಾವ ಸಭೆ, ಯಾವ ಜಾತಿ ಎಂದು ಯಾರೂ ಕೇಳಲಿಲ್ಲ. ಹಡಗು ಒಡೆದು, ಈಜು ಬಂದವರು ಈಜಿ, ಬಾರದವರು ಹಲಗೆ ಹಿಡಿದು ಮೆಲೀತೆ ದ್ವೀಪದ ದಡ ಸೇರಿದಾಗಲೂ ಹೀಗೇ. ಮಳೆಯೂ ಚಳಿಯೂ ಇತ್ತು ಎಂದು ಆ ದ್ವೀಪದವರು ಬೆಂಕಿ ಹೊತ್ತಿಸಿ ಎಲ್ಲರನ್ನೂ ಹತ್ತಿರ ಕರೆದರು. ಅವರಿಗೆ ಪೌಲನ ದೇವರು ಯಾರೆಂದೂ ಗೊತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗುಡ್ಡೆಯಿಂದ ನೋಡುತ್ತಿದ್ದ ಹಾಗೆಯೇ ನಮ್ಮ ಮನೆ ಹೋಯಿತು. ಮಣ್ಣಿನ ಗೋಡೆ ಬುಡದಿಂದ ನೀರು ಕುಡಿದು ಮೆತ್ತಗಾಗಿತ್ತು, ಮೇಲೆ ಹಂಚಿನ ಭಾರ. ಹುಲ್ಲಿನ ಮಾಡಾದರೆ ತೇಲುತ್ತಿತ್ತೇನೋ. ಪಡುವಣ ಮೂಲೆ ಮೊದಲು ಕುಸಿಯಿತು, ಪಕ್ಕಾಸು ಮೇಲೆದ್ದಿತು, ಹಂಚು ಸುರಿಯುವ ಸದ್ದು ಗುಡ್ಡೆಯ ತನಕ ಕೇಳಿತು. ಪಕ್ಕದಲ್ಲಿ ನಿಂತಿದ್ದ ಯಾರೋ ಅಜ್ಜನಿಗೆ, "ಇಷ್ಟು ಪ್ರಾರ್ಥನೆ ಮಾಡುವವರಿಗೆ ದೇವರು ಮನೆ ಉಳಿಸಿಕೊಡಬಹುದಿತ್ತು" ಎಂದರು. ಅಜ್ಜ, "ಮನೆಯ ಬಗ್ಗೆ ಆತ ನಮಗೆ ಏನೂ ಹೇಳಿರಲಿಲ್ಲ" ಎಂದರು.

ಇಲ್ಲಿಗೆ ಮುಗಿಸಿದರೆ ಕಥೆ ಚಂದವಾಗಿ ಕೂರುತ್ತದೆ. ಆದರೆ ಆ ನೆರೆಯಲ್ಲಿ ಆಚೆ ದಡದ ಮನೆಯೊಂದರ ಮುದುಕಿ ಹೋದರು. ಅವರೂ ನಮ್ಮ ಸಭೆಯವರೇ, ಭಾನುವಾರ ನಮಗಿಂತ ಮೊದಲು ಬಂದು ಕೂರುತ್ತಿದ್ದವರು. ಅವರಿಗೂ ಯಾರೋ ವಾಗ್ದಾನ ಓದಿ ಹೇಳಿರಬೇಕು. ಎಲ್ಲದಕ್ಕೂ ಒಂದು ಅಧ್ಯಾಯ ಇಟ್ಟುಕೊಂಡಿದ್ದ ಅಜ್ಜ ಆ ಮನೆಗೆ ಹೋದಾಗ ಪುಸ್ತಕ ಒಯ್ಯಲಿಲ್ಲ. ನಾನು ಜೊತೆಗಿದ್ದೆ. ಸಂಜೆಯ ತನಕ ಅವರ ಮಗನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು ಎದ್ದು ಬಂದರು. ದಾರಿಯಲ್ಲಿ ಕೇಳಿದ್ದಕ್ಕೆ, ಯೋಬನ ಸ್ನೇಹಿತರು ಏಳು ಹಗಲು ಏಳು ರಾತ್ರಿ ಮಾತಾಡದೆ ಅವನ ಜೊತೆ ನೆಲದಲ್ಲಿ ಕೂತರು, ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ, ಬಾಯಿ ತೆರೆದ ಮೇಲೆ ಎಲ್ಲ ಹಾಳಾಯಿತು ಎಂದರು. ಆ ಮುದುಕಿಯ ಸಾವಿಗೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ. ಪೌಲನ ಹಡಗಿನ ಅಧ್ಯಾಯವನ್ನು ಅದರ ಮೇಲೆ ಹೊದೆಸಲು ನನಗೆ ಮನಸ್ಸಿಲ್ಲ.

ಮನೆಯನ್ನು ಮತ್ತೆ ಗುಡ್ಡೆಯ ಬದಿಯಲ್ಲಿ ಮುರಕಲ್ಲಿನಿಂದ ಕಟ್ಟಿದೆವು. ಜಾಗ ಆರಿಸಿದವರು ದೊಡ್ಡಪ್ಪ. ರಶೀದಿಗಳ ಮಸಿ ಅಲ್ಲಲ್ಲಿ ಹರಡಿದ್ದರೂ ಓದಲು ಬರುತ್ತಿತ್ತು, ಡಿಕ್ಲರೇಶನ್ ಕೊಟ್ಟು ಗದ್ದೆ ನಮ್ಮ ಹೆಸರಿಗಾಯಿತು. ಸಂಜೆಯ ಓದು ಮತ್ತೆ ಅರಣ್ಯಕಾಂಡದಿಂದ ಮುಂದುವರಿಯಿತು.

ದೊಡ್ಡಪ್ಪ ಸೋತರು ಎಂದುಕೊಂಡಿರಾ? ಅವರು ಸೋಲುವ ಜಾತಿಯವರಲ್ಲ. ಹೊಸ ಮನೆಯ ಮೊದಲ ಪ್ರಾರ್ಥನೆಗೆ ಬೇಕೆಂದೇ ತೊಂಬತ್ತೊಂದನೇ ಕೀರ್ತನೆಯನ್ನು ಪೂರ್ತಿ ಹೇಳಿದರು. ಮುಗಿಸಿ ಅಜ್ಜನ ಕಡೆ ತಿರುಗಿ, "ಅಪ್ಪ, ದೂತರಿಗೆ ಅಪ್ಪಣೆ ಕೊಡುತ್ತಾನೆ ಎಂದು ಇರುವುದು ಸುಳ್ಳಾಯಿತಾ? ದೂತ ಬಂದ, ಗಳ ಹಿಡಿದುಕೊಂಡು ಬಂದ. ನೀವು ಅವನನ್ನು ಕಡವಿಗೆ ಹೋಗಿ ಕಂಡು ಬಂದಿರಿ, ಅಷ್ಟೆ" ಎಂದರು.

ಅಜ್ಜ ನಗು ತಡೆದುಕೊಂಡು, "ಕಿವಿಯ ಮೇಲೆ ಬೀಡಿ ಸಿಕ್ಕಿಸಿಕೊಂಡ ದೇವದೂತ ಯಾವ ಅಧ್ಯಾಯದಲ್ಲಿ ಉಂಟು, ಮಾರಾಯ?" ಎಂದು ಕೇಳಿದರು.

"ಇಲ್ಲ ಎಂದು ಯಾವ ಅಧ್ಯಾಯದಲ್ಲಿ ಉಂಟು, ತೋರಿಸಿ" ಎಂದರು ದೊಡ್ಡಪ್ಪ. ಅಜ್ಜ ಕನ್ನಡಕ ಹಾಕಿಕೊಂಡು ಹುಡುಕಲು ಕೂತರು.